ಕರವೀರದ ಶ್ರೀ ಶಾಹೂ ಛತ್ರಪತಿಗಳ ವಿದ್ಯಾದಾನ

ಪಂಚಗಂಗೆಯ ದಡದ ಕೊಲ್ಲಾಪುರವು ಮಹಾಲಕ್ಷ್ಮಿಯ ಕ್ಷೇತ್ರವೆಂದು ಪುರಾತನಕಾಲದಿಂದಲೂ ಪ್ರಸಿದ್ಧವಾದುದು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಆ ಪಟ್ಟಣಕ್ಕೆ ವಿದ್ಯಾರ್ಥಿಗಳ ವಸತಿಗೃಹಗಳ ತವರೂರೆಂಬ ಮತ್ತೊಂದು ಕೀರ್ತಿಯೂ ಪ್ರಾಪ್ತವಾಯಿತು. ಹಳ್ಳಿಯ ಸಾಲೆಯನ್ನು ಮುಗಿಸಿ ಹೈಸ್ಕೂಲು ಕಾಲೇಜುಗಳ ಮೆಟ್ಟಿಲೇರಬೇಕೆಂದು ಬುತ್ತಿಗಂಟಿನೊಡನೆ ನಡೆದು ಬಂದ ಬಡ ಬಾಲಕನಿಗೆ ಅನ್ನ, ಆಸರೆ, ದೀಪ, ಪುಸ್ತಕಗಳು ಅಲ್ಲಿ ದೊರೆಯತೊಡಗಿದುವು. ಇದಕ್ಕೆ ಕಾರಣರಾದವರು ಆ ಸಂಸ್ಥಾನದ ಅಧಿಪತಿಗಳಾದ ಶ್ರೀ ಶಾಹೂ ಛತ್ರಪತಿಗಳು.

ಇವರು ಮಹಾರಾಷ್ಟ್ರದ ಅರಸರಾದರೂ ಕನ್ನಡ ನಾಡಿಗೆ ಹೊರಗಿನವರಲ್ಲ. ಕಾಗಲದ ಘಾಟಗೆ ಮನೆತನದಲ್ಲಿ 1874ನೆಯ ಇಸವಿ ಜೂನ್ 26ರಂದು ಜನಿಸಿದ ಇವರ ಮೊದಲಿನ ಹೆಸರು ಯಶವಂತರಾವ್. ತಾಯಿ ರಾಧಾಬಾಯಿಯವರು ಮುಧೋಳದ ಘೋರ್ಪಡೆ ಅರಸರ ಮಗಳು. ಮೂರು ವರ್ಷದ ಕೂಸಾಗಿದ್ದಾಗಲೇ ತಾಯಿಯು ತೀರಿಕೊಂಡರು. ಕೊಲ್ಲಾಪುರದ ನಾಲ್ಕನೆಯ ಶಿವಾಜಿ ಮಹಾರಾಜರು 1883ರಲ್ಲಿ ನಿಸ್ಸಂತಾನರಾಗಿ ಮಡಿಯಲು, ಅವರ ರಾಣಿಯಾದ ಆನಂದೀಬಾಯಿಯವರು 1884ರ ಮಾರ್ಚಿನಲ್ಲಿ ಈ ಬಾಲಕನನ್ನು ದತ್ತಕ ತೆಗೆದುಕೊಂಡರು. ಎರಡು ವರ್ಷಗಳಲ್ಲಿ ತಂದೆಯೂ ಗತಿಸಿದರು. ಹನ್ನೊಂದು ವರ್ಷದ ಹುಡುಗನಿಗೆ ಸಿಂಹಾಸನವಿತ್ತು, ತಾಯಿತಂದೆಗಳಿರಲಿಲ್ಲ. ಪರರ ಆಸರೆಯಲ್ಲಿ ಬೆಳೆದವನ ಮನಸ್ಸು ಮುಂದೆ ಪರರ ಮಕ್ಕಳ ಕಡೆಗೆ ಹರಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ರಾಜಕೋಟೆಯ ರಾಜಕುಮಾರ ಕಾಲೇಜಿನಲ್ಲಿ ಕೆಲವು ವರ್ಷ ಓದಿದ ಬಳಿಕ, 1890ರಿಂದ ಪಟ್ಟಾಧಿಕಾರವನ್ನು ವಹಿಸುವವರೆಗೆ ಅವರ ಶಿಕ್ಷಣವು ಧಾರವಾಡದಲ್ಲಿ ನಡೆಯಿತು. ಅಲ್ಲಿ ಗುರುಗಳಾಗಿದ್ದವರು ಸ್ಟುಅರ್ಟ್ ಮಿಟ್‌ಫರ್ಡ್ ಫ್ರೇಜರರು. ಈ ಫ್ರೇಜರರೇ ಮುಂದೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರಿಗೂ ಗುರುಗಳಾದರು. ಬೆಂಗಳೂರಿನ ಫ್ರೇಜರ್ ಪೇಟೆಯು ಅವರ ಹೆಸರನ್ನೇ ಹೊತ್ತಿದೆ. ಗುರುಗಳು ಪಾಠವನ್ನು ಪುಸ್ತಕಕ್ಕೆ ಸೀಮಿತಗೊಳಿಸದೆ ಶಿಷ್ಯರನ್ನು ಊರೂರು ಸುತ್ತಿಸಿ ಜನಜೀವನವನ್ನು ತೋರಿಸಿದರು. ಅಜಾನುಬಾಹುವೂ ಕುಸ್ತಿಯ ವ್ಯಸನಿಯೂ ಆಗಿದ್ದ ಯುವರಾಜನಿಗೆ ಮೇಜಿನ ಮುಂದಿನ ಓದಿಗಿಂತ ಈ ಓದೇ ಹೆಚ್ಚು ಹಿಡಿಸಿತು.

1894ನೆಯ ಇಸವಿ ಏಪ್ರಿಲ್ 2ರಂದು ಇಪ್ಪತ್ತನೆಯ ವಯಸ್ಸಿನಲ್ಲಿ ರಾಜ್ಯಭಾರವು ಕೈಗೆ ಬಂದಿತು. ದಿವಾಣದ ಪಟ್ಟಿಯನ್ನು ನೋಡಿದಾಗ, ಸಾಮಾನ್ಯ ಆಡಳಿತದ 71 ಅಧಿಕಾರಸ್ಥಾನಗಳಲ್ಲಿ 60 ಒಂದೇ ವರ್ಣದವರಾದ ಬ್ರಾಹ್ಮಣರ ಕೈಯಲ್ಲಿದ್ದುವು. ಉಳಿದ ಪ್ರಜೆಗಳಲ್ಲಿ ಯೋಗ್ಯರನ್ನು ಹುಡುಕಿದರೆ ಓದಿದವರೇ ಸಿಕ್ಕುತ್ತಿರಲಿಲ್ಲ. ಓದಿದವರು ಏಕಿಲ್ಲವೆಂದು ಕೇಳಿದರೆ, ಓದಿ ಫಲವೇನೆಂದು ಒಕ್ಕಲಿಗನು ಮರುಪ್ರಶ್ನೆ ಹಾಕುತ್ತಿದ್ದನು. ವಿದ್ಯೆಯಿಲ್ಲದೆ ಅಧಿಕಾರವಿಲ್ಲ, ಅಧಿಕಾರದ ಆಸೆಯಿಲ್ಲದೆ ವಿದ್ಯೆಯಿಲ್ಲ. ಈ ಗಾಣದ ಎತ್ತಿನ ಸುತ್ತನ್ನು ಮುರಿಯುವುದು ಹೇಗೆಂಬುದೇ ತರುಣ ಅರಸರ ಮುಂದಿನ ಪ್ರಶ್ನೆಯಾಯಿತು. ಅಷ್ಟರಲ್ಲಿ 1896ರ ಬರವೂ ಅದರ ಬೆನ್ನಿಗೇ ಪ್ಲೇಗೂ ಬಂದುವು. ಊರೂರು ತಿರುಗಿ ಧಾನ್ಯದ ಅಂಗಡಿಗಳನ್ನು ತೆರೆಸಿದ ಆ ದಿನಗಳಲ್ಲಿ ರೈತನ ಮನೆಯ ಒಳಗು ಅವರಿಗೆ ಚೆನ್ನಾಗಿ ತಿಳಿಯಿತು.

ಕೊಲ್ಲಾಪುರದಲ್ಲಿ ಶಿಕ್ಷಣದ ಸಾಧನಗಳೇ ಇರಲಿಲ್ಲವೆಂದಲ್ಲ. ರಾಜಾರಾಮ ಹೈಸ್ಕೂಲಿತ್ತು, 1880ರಿಂದ ರಾಜಾರಾಮ ಕಾಲೇಜೂ ನಡೆಯುತ್ತಿದ್ದಿತು. ಆದರೆ ಬಾಗಿಲು ತೆರೆದಿದ್ದ ಮಾತ್ರಕ್ಕೆ ಎಲ್ಲರೂ ಒಳಗೆ ಬಂದಾರೆಯೇ? ಕಾಲೇಜಿನ ಫೀಯನ್ನು ಮಾಫಿ ಮಾಡಬಹುದು; ಆದರೆ ಮೂವತ್ತು ನಲವತ್ತು ಮೈಲು ದೂರದ ಹಳ್ಳಿಯ ಹುಡುಗನು ಪಟ್ಟಣದಲ್ಲಿ ಉಣ್ಣುವುದೆಲ್ಲಿ, ಮಲಗುವುದೆಲ್ಲಿ? ಬಡ ಬ್ರಾಹ್ಮಣ ವಿದ್ಯಾರ್ಥಿಗೆ ವಾರಾನ್ನದ ಪದ್ಧತಿಯಿತ್ತು. ಸೋಮವಾರಕ್ಕೊಂದು ಮನೆ, ಮಂಗಳವಾರಕ್ಕೊಂದು ಮನೆ ಎಂದು ಏಳು ಮನೆಗಳಲ್ಲಿ ಉಂಡು ವಿದ್ಯೆಯನ್ನು ಪೂರೈಸಿ ದೊಡ್ಡ ಅಧಿಕಾರಿಗಳಾದವರು ಎಷ್ಟೋ ಜನರಿದ್ದರು; ಆ ಸಮಾಜವು ತನ್ನ ಮಕ್ಕಳಿಗೆ ತೋರಿದ ಈ ಔದಾರ್ಯವು ನಿಜವಾಗಿಯೂ ಸ್ತುತ್ಯವಾದುದು. ಆದರೆ ಮರಾಠ ಕುಣಬಿಯ ಮಗನಿಗೆ, ಮುಸಲ್ಮಾನನಿಗೆ, ಜೈನ ಲಿಂಗಾಯತರ ಒಕ್ಕಲುಮಕ್ಕಳಿಗೆ ಪಟ್ಟಣದಲ್ಲಿ ಅಂತಹ ವಾರದ ಮನೆಗಳಿರಲಿಲ್ಲ. ಅಸ್ಪೃಶ್ಯನೆನಿಸಿದವನ ಮಾತಂತೂ ಎತ್ತುವಂತೆಯೇ ಇರಲಿಲ್ಲ. ಅವನಿಗೆ ಬಾಡಿಗೆಗೆ ಕೋಣೆಯೂ ಸಿಗದು, ಕುಡಿಯಲು ಬಾವಿಯ ನೀರೂ ಸಿಗದು. ಪ್ರಶ್ನೆಯ ಮೂಲವು ಪಾಠಶಾಲೆಯಲ್ಲಿಲ್ಲ, ಅಡಿಗೆಮನೆಯಲ್ಲಿದೆಯೆಂಬುದನ್ನು ಮಹಾರಾಜರು ಕಂಡುಕೊಂಡರು. ಇದನ್ನು ಕಂಡುಕೊಂಡುದೇ ಅವರ ದೊಡ್ಡಸ್ತಿಕೆ.

ಮೊದಲು ಅವರು ಸರ್ವಜಾತೀಯರಿಗೂ ಕೂಡಿ ಒಂದೇ ವಸತಿಗೃಹವನ್ನು ನಡೆಯಿಸಿ ನೋಡಿದರು. ಅದರ ಆಡಳಿತವು ಯಾರ ಕೈಯಲ್ಲಿದ್ದಿತೋ ಅವರ ಮಕ್ಕಳಿಂದಲೇ ಅದು ತುಂಬಿಹೋಯಿತು. ಬೇರೆಯವರಿಗೆ ಅಲ್ಲಿ ಪಂಕ್ತಿ ದೊರೆಯಲಿಲ್ಲ. ಹಳ್ಳಿಯ ತಾಯಿತಂದೆಗಳೂ, ಬೇರೆ ಆಚಾರದವರು ಅಡಿಗೆ ಮಾಡುವ ಕಡೆಗೆ ಮಕ್ಕಳನ್ನು ಕಳುಹಿಸಲು ಹಿಂದೆಗೆದರು. ಆಗ ಮಹಾರಾಜರು ದಾರಿಯನ್ನು ಬದಲಿಸಿದರು. ಒಂದೊಂದು ಸಮಾಜಕ್ಕೂ ಒಂದೊಂದು ವಸತಿಗೃಹವಾಗಲಿ, ಆಯಾ ಸಮಾಜದ ಹಿರಿಯರು ಪಂಚರಾಗಿ ನಿಂತು ತಮ್ಮ ಮಕ್ಕಳನ್ನು ತಾವೇ ಕರೆತರಲಿ, ದಿವಾಣವು ಬೆನ್ನಿಗೆ ನಿಲ್ಲುವುದು ಎಂಬುದೇ ಹೊಸ ಕ್ರಮ. 1901ರಲ್ಲಿ ಮರಾಠ ವಿದ್ಯಾರ್ಥಿಗಳಿಗಾಗಿ ವಿಕ್ಟೋರಿಯಾ ಬೋರ್ಡಿಂಗು ಸ್ಥಾಪಿತವಾಯಿತು. ಆ ವರ್ಷವೇ ರಾಣಿ ವಿಕ್ಟೋರಿಯಾ ನಿಧನಹೊಂದಿದ್ದುದರಿಂದ ಆ ಹೆಸರು. ಅದೇ ವರ್ಷ ಜೈನರದು, 1906ರಲ್ಲಿ ಮುಸಲ್ಮಾನರದು, 1907ರಲ್ಲಿ ವೀರಶೈವ ಲಿಂಗಾಯತರದು ಪ್ರಾರಂಭವಾದುವು. 1908ರಲ್ಲಿ ಅಸ್ಪೃಶ್ಯರೆನಿಸಿದ ವಿದ್ಯಾರ್ಥಿಗಳಿಗಾಗಿ ತೆರೆದ ವಸತಿಗೃಹಕ್ಕೆ ಮುಂಬಯಿ ಗವರ್ನರರ ಮಗಳಾದ ಮಿಸ್ ಕ್ಲಾರ್ಕಳ ಹೆಸರನ್ನಿಟ್ಟರು. ಗವರ್ನರರ ಮನೆಯ ಹೆಸರಿರುವ ಕಟ್ಟಡವನ್ನು ಊರಿನ ಕರ್ಮಠರು ಬಾಯಿತೆರೆದು ನಿಂದಿಸಲಾರರೆಂಬ ಜಾಣ್ಮೆಯೂ ಇದರಲ್ಲಿ ಇದ್ದಿತೆಂದು ಊಹಿಸಬಹುದು. ಬಳಿಕ ಸಿಂಪಿಗರು, ಸೊನಗಾರರು, ಸಾರಸ್ವತರು, ಕ್ರಿಸ್ತೀಯರು ಮೊದಲಾದವರಿಗೂ ವಸತಿಗಳಾದುವು.

ನಡೆವಳಿಕೆಯ ಕ್ರಮವು ಸರಳವಾಗಿದ್ದಿತು. ಜಾಗ, ಕಟ್ಟಡ, ವಾರ್ಷಿಕ ನೆರವುಗಳಲ್ಲಿ ದಿವಾಣವು ಕೈಯಾಸರೆಯಾಗುವುದು. ಕೆಲವಕ್ಕೆ ಉಂಬಳಿಯ ಭೂಮಿಯೂ ದೊರೆಯಿತು. ಉಳಿದುದನ್ನು ಸಮಾಜದವರು ಧಾನ್ಯವಾಗಿಯೋ ಹಣವಾಗಿಯೋ ಕೂಡಿಸತಕ್ಕದ್ದು. ಅನುಕೂಲವಂತರ ಮಕ್ಕಳು ಊಟದ ವೆಚ್ಚವನ್ನು ಕೊಡುವರು. ನಿರ್ಗತಿಕರಿಗೆ ಪೂರ್ಣ ಅಥವಾ ಅರ್ಧ ಮಾಫಿ. ಜಾಣರಿಗೆ ವಿದ್ಯಾರ್ಥಿವೇತನ. ವ್ಯಾಪಾರಸ್ಥನ ಧರ್ಮದ ಕಾಸು ಮೊದಲು ಜಾತ್ರೆ ತೇರುಗಳಿಗೆ ಮಾತ್ರ ಹೋಗುತ್ತಿದ್ದುದು, ಈಗ ತನ್ನ ಕುಲದ ಹುಡುಗನ ಪರೀಕ್ಷೆಯ ಫೀಗೂ ಹೋಗತೊಡಗಿತು. ದಾಸೋಹವೆಂದರೇನೆಂಬುದನ್ನು ಬಲ್ಲ ಶರಣರ ಸಂತತಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಲಿಂಗಾಯತ ಬಾಲಕನು ತನ್ನ ಶಿವಪೂಜೆಗೂ ಆಹಾರನಿಯಮಕ್ಕೂ ಭಂಗವಿಲ್ಲದಂತೆ ರಾಜಾರಾಮ ಕಾಲೇಜಿನಲ್ಲಿ ಓದುವಂತಾದುದು 1907ರ ಆ ಮನೆಯಿಂದಲೇ. ರಾಯಬಾಗದಂತಹ ಕನ್ನಡ ಸೀಮೆಯೂ ಆಗ ಕೊಲ್ಲಾಪುರ ಸಂಸ್ಥಾನಕ್ಕೇ ಸೇರಿದ್ದುದನ್ನು ಇಲ್ಲಿ ನೆನೆಯಬೇಕು.

ಊಟ ವಸತಿಗಳು ಏಣಿಯಾದರೆ, ಏಣಿಯ ಮೇಲ್ತುದಿಯಲ್ಲಿ ಏನಾದರೂ ಇರಬೇಕಷ್ಟೆ. ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕಾಗಿ ಮಹಾರಾಜರು ವಿಲಾಯತಿಯಲ್ಲಿದ್ದಾಗಲೇ, 1902ನೆಯ ಇಸವಿ ಜುಲೈ 26ರಂದು, ಸಂಸ್ಥಾನದ ಗ್ಯಾಜೆಟ್ಟಿನಲ್ಲಿ ಒಂದು ಆಜ್ಞೆಯು ಪ್ರಕಟವಾಯಿತು. ಅಂದಿನಿಂದ ತೆರವಾಗುವ ಸರಕಾರಿ ಜಾಗಗಳಲ್ಲಿ ನೂರಕ್ಕೆ 50ನ್ನು ಹಿಂದುಳಿದ ವರ್ಗದವರಿಗೆ ಕೊಡತಕ್ಕದ್ದೆಂಬುದೇ ಅದರ ಸಾರ. ಬ್ರಾಹ್ಮಣ, ಪ್ರಭು, ಶೇಣವಿ, ಪಾರಸಿ ಮೊದಲಾದ ಮುಂದುವರಿದವರನ್ನುಳಿದು ಮಿಕ್ಕ ಸರ್ವರೂ ಈ ಮಾತಿನಲ್ಲಿ ಅಡಗಿದ್ದರು. ಪತ್ರಿಕೆಗಳಲ್ಲಿ ಕೋಲಾಹಲವೆದ್ದಿತು. ವೇದೋಕ್ತ ವಿಧಿಯ ವಾದದಿಂದ ಮೊದಲೇ ಕುದಿಯುತ್ತಿದ್ದ ಊರಿನಲ್ಲಿ ಇದು ಹೊಸ ಉರುವಲಾಯಿತು. ಆದರೆ ಆಜ್ಞೆಯು ಹಿಂದೆ ಸರಿಯಲಿಲ್ಲ. 1912ರ ಹೊತ್ತಿಗೆ 95 ಸ್ಥಾನಗಳಲ್ಲಿ ಬ್ರಾಹ್ಮಣ ಅಧಿಕಾರಿಗಳು 35 ಮಂದಿಯಾಗಿದ್ದರು. ಹತ್ತು ವರ್ಷಗಳಲ್ಲಿ ಇಷ್ಟು ಜನ ಅರ್ಹರು ಸಿಕ್ಕಿದುದಕ್ಕೆ ಆ ವಸತಿಗಳಲ್ಲಿ ರಾತ್ರಿಯೆಲ್ಲ ಉರಿದ ದೀಪಗಳೇ ಸಾಕ್ಷಿ.

ಮಹಾರಾಜರ ಮುಂದಿನ ಶಿಕ್ಷಣ ಕಾರ್ಯಗಳು ಹಲವು. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಪುಕ್ಕಟೆಯಾಗಿಯೂ ಕಡ್ಡಾಯವಾಗಿಯೂ ಮಾಡಿದರು. ಮಕ್ಕಳನ್ನು ಸಾಲೆಗೆ ಕಳುಹಿಸದ ತಂದೆಗೆ ತಿಂಗಳಿಗೆ ಒಂದು ರೂಪಾಯಿ ದಂಡ. 1919ರಲ್ಲಿ ಅಸ್ಪೃಶ್ಯರ ಪ್ರತ್ಯೇಕ ಸಾಲೆಗಳನ್ನು ಮುಚ್ಚಿಸಿ, ಎಲ್ಲ ಮಕ್ಕಳೂ ಒಂದೇ ಸಾಲೆಯಲ್ಲಿ ಕೂಡತಕ್ಕದ್ದೆಂದು ಆಜ್ಞಾಪಿಸಿದರು.

ಜಾತಿಗೊಂದು ವಸತಿಗೃಹವನ್ನು ಕಟ್ಟಿ ಮಹಾರಾಜರು ಜಾತಿಯನ್ನೇ ಗಟ್ಟಿಮಾಡಿದರೆಂಬ ಆಕ್ಷೇಪವು ಅಂದೂ ಇದ್ದಿತು, ಇಂದೂ ಇದೆ. ಇದು ತಳ್ಳಿಹಾಕತಕ್ಕ ಮಾತಲ್ಲ. ಬೇರೆ ಬೇರೆ ಪಂಕ್ತಿಯಲ್ಲಿ ಹತ್ತು ವರ್ಷ ಉಂಡ ಹುಡುಗನು ಹನ್ನೊಂದನೆಯ ವರ್ಷ ಒಂದೇ ಪಂಕ್ತಿಗೆ ಬರುವನೆಂಬ ಭರವಸೆಯಾದರೂ ಏನು? ಆದರೆ ಒಂದೇ ಮನೆಯ ಪ್ರಯೋಗವು ಮೊದಲೇ ಸೋತಿದ್ದಿತೆಂಬುದನ್ನು ಮರೆಯಲಾಗದು. ಊಟವಿಲ್ಲದೆ ಊರಿಗೆ ಮರಳಿ ಹೋಗುವ ಹುಡುಗನಿಗೆ ಸಮಾನತೆಯ ತತ್ತ್ವದಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಮಹಾರಾಜರಂತೂ ಕಡೆಯ ವರ್ಷಗಳಲ್ಲಿ ಜಾತಿಭೇದವು ಅಳಿಯಬೇಕೆಂದು ಸಭೆಗಳಲ್ಲಿ ಬಹಿರಂಗವಾಗಿ ಸಾರುತ್ತಿದ್ದರು. ಅಸ್ಪೃಶ್ಯನೆನಿಸಿದ ಗಂಗಾರಾಮ ಕಾಂಬಳೆಯ ಚಹದ ಅಂಗಡಿಯಲ್ಲಿ ತಾವೇ ಚಹ ತರಿಸಿ ಕುಡಿಯುತ್ತಿದ್ದರು.

1918ರ ಜೂನಿನಲ್ಲಿ ಅರಮನೆಗೆ ಸಿಡಿಲೆರಗಿತು. ಕಿರಿಯ ಮಗನಾದ ಪ್ರಿನ್ಸ್ ಶಿವಾಜಿಯು ಹಂದಿಯ ಬೇಟೆಯಲ್ಲಿ ಕುದುರೆಯಿಂದ ಬಿದ್ದು ಮಡಿದನು. ಮದುವೆಯಾಗಿ ಒಂದೇ ವರ್ಷವಾಗಿದ್ದಿತು. ಸೊಸೆ ಇಂದುಮತೀದೇವಿಯು ಇನ್ನೂ ಬಾಲಿಕೆ. ರಾಜಮನೆತನದ ವಿಧವೆಯು ಪರದೆಯ ಹಿಂದೆ ಉಳಿಯುವುದೇ ಅಂದಿನ ರೂಢಿ. ಮಹಾರಾಜರು ಆ ರೂಢಿಯನ್ನು ಒಪ್ಪಲಿಲ್ಲ. ಊರ ಹೊರಗಿನ ಸೋನತಳಿಯ ಬಿಡಾರದಲ್ಲಿ ಅವಳ ವಿದ್ಯಾಭ್ಯಾಸಕ್ಕೆ ವ್ಯವಸ್ಥೆಮಾಡಿ, ಒಂಟಿತನವು ಕಾಡದಂತೆ ಜೊತೆಗೆ ಓದುವ ಬಾಲಿಕೆಯರನ್ನು ಇರಿಸಿದರು. ಮನೆಯವರ ವಿರೋಧವನ್ನೂ ಲೆಕ್ಕಿಸಲಿಲ್ಲ. ಅವಳು ವೈದ್ಯಳಾಗಬೇಕೆಂಬುದು ಮಾವನ ಆಸೆ. ಅದು ಅವರ ಮರಣದಿಂದ ಈಡೇರಲಿಲ್ಲ. ಆದರೂ ಇಂದುಮತೀದೇವಿಯವರು ಮುಂದೆ ಕೊಲ್ಲಾಪುರದಲ್ಲಿ ಹೆಣ್ಣುಮಕ್ಕಳ ಶಿಕ್ಷಣಕ್ಕೆ ತಮ್ಮ ಬಾಳನ್ನು ಮುಡಿಪಾಗಿಟ್ಟರು. ಮಡಿದ ಮಗನ ಹೆಸರಿನಲ್ಲಿ ಮಹಾರಾಜರು 1920ರಲ್ಲಿ ಪ್ರಿನ್ಸ್ ಶಿವಾಜಿ ಉಚಿತ ವಸತಿಗೃಹವನ್ನು ತೆರೆದರು. ಪುತ್ರಶೋಕಕ್ಕೆ ಅವರು ಕಟ್ಟಿದ ಗೋರಿಯು ಇದು. ಅದರಲ್ಲಿ ಬಡವರ ಮಕ್ಕಳು ಉಂಡು ಓದಿದರು.

ಅದೇ 1920ರಲ್ಲಿ ಅವರ ನೆರವಿನ ಕೈಯು ಸಂಸ್ಥಾನದ ಗಡಿಯನ್ನು ದಾಟಿತು. ಡಾಕ್ಟರ್ ಭೀಮರಾವ್ ಅಂಬೇಡಕರರು ಬಡೋದೆಯ ಗಾಯಕವಾಡ ಮಹಾರಾಜರ ವಿದ್ಯಾರ್ಥಿವೇತನದಿಂದ 1913ರಲ್ಲಿ ಅಮೇರಿಕೆಗೆ ಹೋಗಿ ಓದಿ, ಲಂಡನ್ನಿನ ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟು 1917ರಲ್ಲಿ ಮರಳಬೇಕಾಗಿದ್ದಿತು. ಅವರ ಮೂಕನಾಯಕ ಪತ್ರಿಕೆಗೆ ಶಾಹೂ ಮಹಾರಾಜರು ಹಣವನ್ನಿತ್ತರು. ಮಾರ್ಚಿಯಲ್ಲಿ ಕಾಗಲ ಸೀಮೆಯ ಮಾಣಗಾವಿಯ ಪರಿಷತ್ತಿಗೆ ತಾವೇ ಬಂದು, ಅಸ್ಪೃಶ್ಯರಿಗೆ ತಮ್ಮೊಳಗಿನ ನಾಯಕನೇ ದೊರೆತನೆಂದು ಹರ್ಷಿಸಿದರು. ಪ್ರಾಧ್ಯಾಪಕ ವೃತ್ತಿಯಲ್ಲಿ ಉಳಿಸಿದ ಹಣ, ಮಿತ್ರನೊಬ್ಬನಿಂದ ಪಡೆದ ಸಾಲ, ಕೊಲ್ಲಾಪುರದ ಮಹಾರಾಜರ ನೆರವು ಇವು ಮೂರೂ ಸೇರಿ ಅಂಬೇಡಕರರನ್ನು ಅದೇ ವರ್ಷ ಮತ್ತೆ ಲಂಡನ್ನಿಗೆ ಕಳುಹಿಸಿದುವು. ಈ ವ್ಯಾಸಂಗವು ಮುಗಿಯುವುದನ್ನು ನೋಡಲು ಮಹಾರಾಜರು ಉಳಿಯಲಿಲ್ಲ. ಮಧುಮೇಹದಿಂದ ಬಳಲುತ್ತಿದ್ದ ಅವರು 1922ನೆಯ ಇಸವಿ ಮೇ 6ರಂದು ಮುಂಬಯಿಯಲ್ಲಿ, ನಲವತ್ತೆಂಟು ತುಂಬುವ ಮೊದಲೇ, ದೇಹವನ್ನಿಳಿಸಿದರು.

ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿದ್ದ ವಿದ್ಯಾರ್ಥಿಗಳಲ್ಲಿ ಕುಂಭೋಜದ ಭಾವೂರಾವ್ ಪಾಟೀಲನೆಂಬವನೊಬ್ಬನಿದ್ದನು. ಅಸ್ಪೃಶ್ಯರ ವಸತಿಗೃಹದ ಸಮಾರಂಭಕ್ಕೆ ಹೋಗಿಬಂದು ಸ್ನಾನಮಾಡಲೊಲ್ಲದುದಕ್ಕಾಗಿ ಅವನು ಆ ಬೋರ್ಡಿಂಗನ್ನು ಬಿಡಬೇಕಾಯಿತೆಂದೂ, ಆಗ ಅರಮನೆಯೇ ಅವನಿಗೆ ಆಶ್ರಯವಾಯಿತೆಂದೂ ಅವನ ಚರಿತ್ರಕಾರರು ಹೇಳುತ್ತಾರೆ. ಮೆಟ್ರಿಕ್ಯುಲೇಶನ್ನನ್ನೂ ದಾಟದ ಈತನು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿ, 1924ರಲ್ಲಿ ಸಾತಾರೆಯಲ್ಲಿ ಒಂದು ವಸತಿಗೃಹವನ್ನು ತೆರೆದನು. ಅಲ್ಲಿ ಮರಾಠ, ಜೈನ, ಮುಸಲ್ಮಾನ, ಮಹಾರ ಎಂಬ ಭೇದವಿಲ್ಲದೆ ಹುಡುಗರು ಕೂಡಿ ಅಡಿಗೆಮಾಡಿ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. 1927ರಲ್ಲಿ ಮಹಾತ್ಮಾ ಗಾಂಧಿಯವರು ಅಲ್ಲಿಗೆ ಬಂದಾಗ ಅದಕ್ಕೆ ಛತ್ರಪತಿ ಶಾಹೂ ಬೋರ್ಡಿಂಗ್ ಹೌಸ್ ಎಂದು ನಾಮಕರಣವಾಯಿತು.