ಲಿಲಿಯನ್ ಗಿಲ್‌ಬ್ರೆತ್

ಲಿಲಿಯನ್ ಮೋಲರ್ ಗಿಲ್‌ಬ್ರೆತ್ (ಮೇ 24, 1878 – ಜನವರಿ 2, 1972) ಅಮೆರಿಕದ ಮನಶ್ಶಾಸ್ತ್ರಜ್ಞೆ, ಕೈಗಾರಿಕಾ ಎಂಜಿನಿಯರ್ ಮತ್ತು ಲೇಖಕಿ. ಕಾರ್ಖಾನೆಯ ಕೆಲಸಗಳಲ್ಲಿ ವ್ಯರ್ಥವಾಗುವ ಚಲನೆಗಳನ್ನು ಗುರುತಿಸಿ ಕಡಿಮೆ ಮಾಡುವ 'ಚಲನ ಅಧ್ಯಯನ'ವನ್ನು ಪತಿ ಫ್ರಾಂಕ್ ಗಿಲ್‌ಬ್ರೆತ್ ಅವರೊಂದಿಗೆ ಬೆಳೆಸಿದರು. ಪತಿಯ ಮರಣಾನಂತರ ಅದೇ ವಿಧಾನವನ್ನು ಮನೆಗೆಲಸಕ್ಕೆ, ಮುಖ್ಯವಾಗಿ ಅಡುಗೆಮನೆಯ ವಿನ್ಯಾಸಕ್ಕೆ ಅನ್ವಯಿಸಿದರು. ಒಲೆ, ಸಿಂಕ್, ಆಹಾರ ಸಂಗ್ರಹ ಮತ್ತು ಕೆಲಸದ ಕಟ್ಟೆಗಳನ್ನು ಪರಸ್ಪರ ಸಮೀಪದಲ್ಲಿ, ಕೆಲಸದ ಅನುಕ್ರಮಕ್ಕೆ ತಕ್ಕಂತೆ ಜೋಡಿಸುವ ಇಂದಿನ ಪದ್ಧತಿಗೆ ಬುನಾದಿ ಹಾಕಿದವರಲ್ಲಿ ಇವರು ಪ್ರಮುಖರು.

ಬಾಲ್ಯ ಮತ್ತು ಶಿಕ್ಷಣ

ಲಿಲಿಯನ್ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರದಲ್ಲಿ, ಜರ್ಮನ್ ಮೂಲದ ಸ್ಥಿತಿವಂತ ವ್ಯಾಪಾರಿ ಕುಟುಂಬದಲ್ಲಿ ಜನಿಸಿದರು. ತಂದೆ ವಿಲಿಯಂ ಮೋಲರ್, ತಾಯಿ ಆನಿ ಡೆಲ್ಗರ್. ಸಂಕೋಚ ಸ್ವಭಾವದ ಬಾಲಕಿಯಾಗಿದ್ದ ಇವರಿಗೆ ಆರಂಭದ ಪಾಠಗಳು ಮನೆಯಲ್ಲಿಯೇ ನಡೆದವು. ಹೆಣ್ಣುಮಕ್ಕಳಿಗೆ ಉನ್ನತ ಶಿಕ್ಷಣದ ಅಗತ್ಯವಿಲ್ಲವೆಂಬ ಅಭಿಪ್ರಾಯ ತಂದೆಯವರಿಗಿದ್ದರೂ, ಅವರ ಒಪ್ಪಿಗೆ ಪಡೆದು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಸೇರಿದರು. 1900ರಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಪದವಿ ಪಡೆದಾಗ, ಆ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಭಾಷಣ ಮಾಡಿದ ಮೊದಲ ಮಹಿಳೆಯೆನಿಸಿದರು. 1902ರಲ್ಲಿ ಅಲ್ಲಿಂದಲೇ ಸ್ನಾತಕೋತ್ತರ ಪದವಿಯನ್ನು ಪಡೆದರು.

ವಿವಾಹ ಮತ್ತು ಚಲನ ಅಧ್ಯಯನ

1904ರಲ್ಲಿ ಲಿಲಿಯನ್ ಅವರು ಕಟ್ಟಡ ಗುತ್ತಿಗೆದಾರರಾಗಿದ್ದ ಫ್ರಾಂಕ್ ಬಂಕರ್ ಗಿಲ್‌ಬ್ರೆತ್ ಅವರನ್ನು ವಿವಾಹವಾದರು. ಗಾರೆ ಕೆಲಸದ ಶಿಷ್ಯವೃತ್ತಿಯಿಂದ ಮೇಲೆ ಬಂದಿದ್ದ ಫ್ರಾಂಕ್, ಒಂದು ಇಟ್ಟಿಗೆ ಇಡಲು ಬೇಕಾಗುತ್ತಿದ್ದ 18 ಚಲನೆಗಳನ್ನು ನಾಲ್ಕೂವರೆಗೆ ಇಳಿಸಿ ಹೆಸರು ಮಾಡಿದ್ದರು. ಇಟ್ಟಿಗೆಗಳು ಕೆಲಸಗಾರನ ಕೈಗೆಟಕುವ ಎತ್ತರದಲ್ಲಿರಬೇಕು, ಪದೇ ಪದೇ ಬಗ್ಗುವುದು ತಪ್ಪಬೇಕು ಎಂಬುದು ಅವರ ಸುಧಾರಣೆಯ ತಿರುಳಾಗಿತ್ತು. ಮುಂದೆ ಅಡುಗೆಮನೆಯ ಕಟ್ಟೆಯ ವಿಚಾರದಲ್ಲಿ ಲಿಲಿಯನ್ ಅನ್ವಯಿಸಿದ್ದು ಇದೇ ತತ್ತ್ವವನ್ನು.

ದಂಪತಿಗಳು ಕೆಲಸಗಾರರ ಚಲನೆಗಳನ್ನು ಚಲನಚಿತ್ರ ಕ್ಯಾಮೆರಾದಿಂದ ಸೆರೆಹಿಡಿದು ವಿಶ್ಲೇಷಿಸಿದರು. ಕೈಗಳ ಮೂಲಭೂತ ಕ್ರಿಯೆಗಳನ್ನು ವರ್ಗೀಕರಿಸಿ, ತಮ್ಮ ಕುಟುಂಬದ ಹೆಸರನ್ನು ತಿರುಗಿಸಿ 'ಥರ್ಬ್ಲಿಗ್' ಎಂದು ಹೆಸರಿಟ್ಟರು. ಯಂತ್ರಕ್ಕಿಂತ ಕೆಲಸಗಾರನ ಆಯಾಸ, ಮನಸ್ಸು ಮತ್ತು ತೃಪ್ತಿಗಳ ಕಡೆಗೆ ಗಮನ ಸೆಳೆದದ್ದು ಲಿಲಿಯನ್ ಅವರ ವಿಶೇಷ ಕೊಡುಗೆ. ನಿರ್ವಹಣೆಯ ಮನಶ್ಶಾಸ್ತ್ರವನ್ನು ಕುರಿತ ಅವರ ಗ್ರಂಥ 1914ರಲ್ಲಿ ಪ್ರಕಟವಾದಾಗ, ಲೇಖಕಿ ಮಹಿಳೆಯೆಂಬುದು ತಿಳಿಯದಂತೆ ಮುಖಪುಟದಲ್ಲಿ ಹೆಸರಿನ ಮೊದಲಕ್ಷರಗಳನ್ನಷ್ಟೇ ಮುದ್ರಿಸಲಾಯಿತು. 1915ರಲ್ಲಿ ಬ್ರೌನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು.

ಈ ಅವಧಿಯಲ್ಲಿ ಅವರಿಗೆ ಹನ್ನೆರಡು ಮಕ್ಕಳು ಜನಿಸಿದರು. ಅವರಲ್ಲಿ ಮೇರಿ ಎಂಬ ಮಗಳು 1912ರಲ್ಲಿ ಡಿಫ್ತೀರಿಯಾದಿಂದ ತೀರಿಕೊಂಡಳು.

ವೈಧವ್ಯ ಮತ್ತು ವೃತ್ತಿಯ ಬಿಕ್ಕಟ್ಟು

1924ರ ಜೂನ್ 14ರಂದು ಫ್ರಾಂಕ್ ಹೃದಯಾಘಾತದಿಂದ ಹಠಾತ್ತನೆ ನಿಧನರಾದರು. ಆಗ ಹಿರಿಯ ಮಗಳಿಗೆ ಹದಿನೆಂಟು ವರ್ಷ, ಕಿರಿಯ ಮಗುವಿಗೆ ಎರಡು ವರ್ಷ. ಕೆಲವೇ ದಿನಗಳಲ್ಲಿ ಲಿಲಿಯನ್ ಯೂರೋಪಿಗೆ ಹಡಗಿನಲ್ಲಿ ಹೊರಟು, ಪತಿ ಭಾಗವಹಿಸಬೇಕಾಗಿದ್ದ ಸಮ್ಮೇಳನಗಳಲ್ಲಿ ಅವರ ಸ್ಥಾನದಲ್ಲಿ ಪಾಲ್ಗೊಂಡರು.

ಹಿಂತಿರುಗಿದಾಗ ಎದುರಾದದ್ದು ಆದಾಯದ ಪ್ರಶ್ನೆ. ಎರಡು ದಶಕಗಳ ಕಾಲ ಪತಿಗೆ ಸಮಾನವಾಗಿ ದುಡಿದಿದ್ದರೂ, ಕಾರ್ಖಾನೆಗಳಿಗೆ ಮಹಿಳೆಯೊಬ್ಬರು ಸಲಹೆ ನೀಡುವುದನ್ನು ಉದ್ಯಮಿಗಳು ಒಪ್ಪಲಿಲ್ಲ. ಹಳೆಯ ಗುತ್ತಿಗೆಗಳು ಒಂದೊಂದಾಗಿ ಕೈತಪ್ಪಿದವು. ನ್ಯೂಜೆರ್ಸಿಯ ಮಾಂಟ್‌ಕ್ಲೇರ್‌ನಲ್ಲಿದ್ದ ತಮ್ಮ ಮನೆಯಲ್ಲಿಯೇ ಅವರು ಚಲನ ಅಧ್ಯಯನದ ತರಗತಿಗಳನ್ನು ನಡೆಸಿದರು. ಕ್ರಮೇಣ, ಮಹಿಳೆಯ ಮಾತಿಗೆ ಮನ್ನಣೆ ದೊರೆಯುತ್ತಿದ್ದ ಕ್ಷೇತ್ರವಾದ ಮನೆಗೆಲಸದತ್ತ ತಮ್ಮ ವಿದ್ಯೆಯನ್ನು ತಿರುಗಿಸಿದರು. ಗೃಹಿಣಿಯ ಕೆಲಸವನ್ನು ವಿಶ್ಲೇಷಿಸುವ ಅವರ ಗ್ರಂಥ 1927ರಲ್ಲಿ ಹೊರಬಂದಿತು.

ಅಡುಗೆಮನೆಯ ವಿನ್ಯಾಸ

ಆ ಕಾಲದ ಬಹುಪಾಲು ಅಡುಗೆಮನೆಗಳಲ್ಲಿ ಒಲೆ ಒಂದು ಗೋಡೆಗೆ, ಸಿಂಕ್ ಇನ್ನೊಂದಕ್ಕೆ, ಪಾತ್ರೆಗಳ ಕಪಾಟು ಮತ್ತೊಂದು ಮೂಲೆಗೆ ಇರುತ್ತಿದ್ದವು. ಆಹಾರ ಪದಾರ್ಥಗಳು ಅನೇಕ ವೇಳೆ ಬೇರೆ ಕೋಣೆಯಲ್ಲಿಯೇ ಇದ್ದವು. ಬ್ರೂಕ್ಲಿನ್‌ನ ಅನಿಲ ಕಂಪನಿಯೊಂದಕ್ಕಾಗಿ ಲಿಲಿಯನ್ ರೂಪಿಸಿದ ಮಾದರಿ ಅಡುಗೆಮನೆಯನ್ನು 1929ರಲ್ಲಿ ಪ್ರದರ್ಶಿಸಲಾಯಿತು. ಇದರಲ್ಲಿ ಒಲೆ ಮತ್ತು ಕೆಲಸದ ಕಟ್ಟೆ ಅಕ್ಕಪಕ್ಕದಲ್ಲಿದ್ದವು. ಪದಾರ್ಥಗಳು ಮೇಲಿನ ಕಪಾಟಿನಲ್ಲಿ, ಪಾತ್ರೆಗಳು ಕೆಳಗಿನ ಕಪಾಟಿನಲ್ಲಿ, ರೆಫ್ರಿಜರೇಟರ್ ಕೈಯಳತೆಯಲ್ಲಿ ಇದ್ದವು. ಚಕ್ರಗಳಿದ್ದ ಗಾಡಿಯೊಂದು ಹೆಚ್ಚುವರಿ ಕಟ್ಟೆಯಾಗಿಯೂ ಪಾತ್ರೆ ಸಾಗಿಸಲೂ ಒದಗುತ್ತಿತ್ತು. ನಿಂತವರ ಸುತ್ತಲೇ ಕೆಲಸ ಸುತ್ತುವಂತಿದ್ದ ಈ ಜೋಡಣೆ ವೃತ್ತಾಕಾರದ ಕಾರ್ಯಪಥ ಎಂದು ಪ್ರಸಿದ್ಧವಾಯಿತು.

ವಿನ್ಯಾಸದ ಪ್ರಯೋಜನವನ್ನು ಅಳೆಯಲು ಸ್ಟ್ರಾಬೆರಿ ಕೇಕ್ ತಯಾರಿಸುವ ಪರೀಕ್ಷೆಯನ್ನು ನಡೆಸಲಾಯಿತು. ಸಾಮಾನ್ಯ ಜೋಡಣೆಯಲ್ಲಿ 281 ಹೆಜ್ಜೆಗಳು ಬೇಕಾಗಿದ್ದ ಈ ಕೆಲಸ ಹೊಸ ಜೋಡಣೆಯಲ್ಲಿ 45 ಹೆಜ್ಜೆಗಳಲ್ಲಿ ಮುಗಿಯಿತೆಂದು ವರದಿಯಾಯಿತು.

ಲಿಲಿಯನ್ ಅವರ ವಿಧಾನದಲ್ಲಿ ಹೊಸ ಉಪಕರಣಗಳ ಖರೀದಿಗಿಂತ ಹಳೆಯ ಅಭ್ಯಾಸಗಳ ಪರಿಶೀಲನೆಗೆ ಆದ್ಯತೆಯಿತ್ತು. ಮೊದಲು ಒಂದು ಅಡುಗೆಯ ಎಲ್ಲ ಹಂತಗಳನ್ನು ಕ್ರಮವಾಗಿ ಪಟ್ಟಿ ಮಾಡಿ, ಕೋಣೆಯ ನಕ್ಷೆಯ ಮೇಲೆ ಓಡಾಟದ ದಾರಿಯನ್ನು ಗುರುತಿಸಬೇಕು. ಗೆರೆಗಳು ಎಲ್ಲಿ ಮತ್ತೆ ಮತ್ತೆ ಹಾಯುತ್ತವೆಯೋ ಅಲ್ಲಿ ಶ್ರಮ ವ್ಯರ್ಥವಾಗುತ್ತಿದೆ ಎಂದರ್ಥ. ಅನಗತ್ಯ ಹಂತಗಳನ್ನು ಕೈಬಿಟ್ಟು, ಒಟ್ಟಿಗೆ ಬಳಸುವ ವಸ್ತುಗಳನ್ನು ಒಂದೆಡೆ ಸೇರಿಸಿದ ಬಳಿಕವೇ ಕಟ್ಟೆ ಮತ್ತು ಕಪಾಟುಗಳ ಸ್ಥಾನವನ್ನು ನಿರ್ಧರಿಸಬೇಕು. ಕಟ್ಟೆಯ ಎತ್ತರ ಬಳಸುವವರ ಎತ್ತರಕ್ಕೆ ಹೊಂದಬೇಕೆಂಬುದು ಅವರ ಇನ್ನೊಂದು ಒತ್ತಾಯವಾಗಿತ್ತು. ಜನರಲ್ ಎಲೆಕ್ಟ್ರಿಕ್ ಕಂಪನಿಗಾಗಿ ಅವರು 4,000ಕ್ಕೂ ಹೆಚ್ಚು ಮಹಿಳೆಯರನ್ನು ಸಂದರ್ಶಿಸಿ ಒಲೆ, ಸಿಂಕ್ ಮುಂತಾದವುಗಳ ಸೂಕ್ತ ಎತ್ತರವನ್ನು ಅಧ್ಯಯನ ಮಾಡಿದರು. ಕಾಲಿನಿಂದ ಒತ್ತಿ ತೆರೆಯುವ ಕಸದ ಡಬ್ಬಿ, ರೆಫ್ರಿಜರೇಟರ್ ಬಾಗಿಲಿನ ಒಳಬದಿಯ ಅರೆಗಳು ಮುಂತಾದ ಸೌಕರ್ಯಗಳ ಶ್ರೇಯಸ್ಸನ್ನು ಸಾಮಾನ್ಯವಾಗಿ ಇವರಿಗೆ ನೀಡಲಾಗುತ್ತದೆ.

ಅಡುಗೆಯ ವಿಚಾರದಲ್ಲಿ ದೇಶಕ್ಕೇ ಸಲಹೆ ನೀಡಿದ ಲಿಲಿಯನ್ ಸ್ವತಃ ಅಡುಗೆ ಬಲ್ಲವರಾಗಿರಲಿಲ್ಲ. ಅವರ ಮನೆಯ ಅಡುಗೆ ಕೆಲಸವನ್ನು ಬಹುಕಾಲ ಸಹಾಯಕರೇ ನಿರ್ವಹಿಸುತ್ತಿದ್ದರು. ಇತರರ ಕೆಲಸವನ್ನು ಗಮನಿಸಿ, ಅಳೆದು, ಅವರನ್ನೇ ವಿಚಾರಿಸಿ ತಿಳಿಯುವ ವಿಧಾನವೇ ಅವರ ಜ್ಞಾನದ ಮೂಲವಾಗಿತ್ತು.

ಅಂಗವಿಕಲರಿಗಾಗಿ ವಿನ್ಯಾಸ

ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಪುನರ್ವಸತಿಯ ಬಗ್ಗೆ ದಂಪತಿಗಳು ಅಧ್ಯಯನ ನಡೆಸಿದ್ದರು. ಈ ಅನುಭವದ ಆಧಾರದ ಮೇಲೆ 1940ರ ದಶಕದಲ್ಲಿ ಲಿಲಿಯನ್, ಹೃದ್ರೋಗಿಗಳಿಗೆ ಮತ್ತು ಅಂಗವಿಕಲ ಗೃಹಿಣಿಯರಿಗೆ ಹೊಂದುವ ಅಡುಗೆಮನೆಗಳನ್ನು ಯೋಜಿಸಿದರು. ಕುಳಿತು ಕೆಲಸ ಮಾಡಲು ಅನುಕೂಲವಾಗುವ ಕಟ್ಟೆ, ಬಗ್ಗದೆ ಮತ್ತು ಮೇಲಕ್ಕೆ ಚಾಚದೆ ಕೈಗೆ ಸಿಗುವ ಸಾಮಾನುಗಳು ಇವುಗಳ ಲಕ್ಷಣಗಳಾಗಿದ್ದವು. ಆರೋಗ್ಯವಂತರಿಗೆ ಉಳಿದ ಹೆಜ್ಜೆ ಅನುಕೂಲವಾದರೆ, ಹೃದ್ರೋಗಿಗೆ ಅದು ಸ್ವತಂತ್ರವಾಗಿ ಬದುಕಲು ಅಗತ್ಯವಾದ ಶಕ್ತಿಯಾಗಿತ್ತು.

ಪ್ರಭಾವ ಮತ್ತು ವಿಮರ್ಶೆ

1940ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ 'ಕಾರ್ಯ ತ್ರಿಕೋನ' ಸೂತ್ರಕ್ಕೆ ಲಿಲಿಯನ್ ಅವರ ಚಿಂತನೆ ಹಿನ್ನೆಲೆಯಾಗಿದೆ. ಒಲೆ, ಸಿಂಕ್ ಮತ್ತು ರೆಫ್ರಿಜರೇಟರ್‌ಗಳನ್ನು ಸೇರಿಸುವ ಈ ತ್ರಿಕೋನದ ಪ್ರತಿಯೊಂದು ಬಾಹುವೂ ಸುಮಾರು 4ರಿಂದ 9 ಅಡಿಯೊಳಗೆ, ಮೂರರ ಮೊತ್ತ 26 ಅಡಿ ಮೀರದಂತೆ ಇರಬೇಕೆಂಬುದು ಪ್ರಚಲಿತ ನಿಯಮ. ಮನೆ ನವೀಕರಣದ ಸಂದರ್ಭದಲ್ಲಿ ಈ ಅಳತೆಗಳನ್ನು ಇಂದಿಗೂ ಬಳಸಲಾಗುತ್ತದೆ. ಇದೇ ಕಾಲಘಟ್ಟದಲ್ಲಿ ಅಮೆರಿಕದ ಕ್ರಿಸ್ಟೀನ್ ಫ್ರೆಡರಿಕ್ ಹಾಗೂ 1926ರ ಫ್ರಾಂಕ್‌ಫರ್ಟ್ ಅಡುಗೆಮನೆಯನ್ನು ರೂಪಿಸಿದ ಆಸ್ಟ್ರಿಯಾದ ವಾಸ್ತುಶಿಲ್ಪಿ ಮಾರ್ಗರೆಟೆ ಶುಟೆ-ಲಿಹೋಟ್ಸ್ಕಿ ಕೂಡ ಇಂತಹ ಪ್ರಯತ್ನಗಳನ್ನು ನಡೆಸಿದ್ದರು.

ಅಡುಗೆಮನೆಯನ್ನು ಒಬ್ಬ ಮಹಿಳೆಯ ಕಾರ್ಯಸ್ಥಾನವೆಂದೇ ಭಾವಿಸಿದ ಇಂತಹ ವಿನ್ಯಾಸಗಳು ಮನೆಗೆಲಸದ ಹಂಚಿಕೆಯನ್ನು ಬದಲಿಸಲಿಲ್ಲ ಎಂಬ ವಿಮರ್ಶೆಯೂ ಇದೆ. ಉಳಿದ ಸಮಯವನ್ನು ಶುಚಿತ್ವ ಮತ್ತು ಅಡುಗೆಯ ಏರಿದ ನಿರೀಕ್ಷೆಗಳೇ ನುಂಗಿಹಾಕಿದವೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಲಿಲಿಯನ್ ಅವರಾದರೋ ಮನೆಯನ್ನು ಕುಟುಂಬದ ಎಲ್ಲರೂ ಸೇರಿ ನಡೆಸಬೇಕಾದ ಸಂಸ್ಥೆಯೆಂದು ಕಂಡು, ತಮ್ಮ ಮಕ್ಕಳಿಗೂ ಕೆಲಸಗಳನ್ನು ಹಂಚಿದ್ದರು.

ನಂತರದ ಜೀವನ, ಗೌರವಗಳು ಮತ್ತು ನಿಧನ

ಆರ್ಥಿಕ ಮಹಾಕುಸಿತದ ವೇಳೆ ಅಧ್ಯಕ್ಷ ಹರ್ಬರ್ಟ್ ಹೂವರ್ ಅವರ ಉದ್ಯೋಗ ಸಮಿತಿಯಲ್ಲಿ ಸೇವೆ ಸಲ್ಲಿಸಿದ ಲಿಲಿಯನ್, 1935ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯವನ್ನು ಸೇರಿದರು. ಅಲ್ಲಿನ ಎಂಜಿನಿಯರಿಂಗ್ ವಿಭಾಗದ ಮೊದಲ ಮಹಿಳಾ ಪ್ರಾಧ್ಯಾಪಕಿಯಾಗಿ 1948ರವರೆಗೆ ಬೋಧಿಸಿದರು. ಅದೇ ವರ್ಷ ಅವರ ಇಬ್ಬರು ಮಕ್ಕಳು ಕುಟುಂಬದ ಕಥೆಯನ್ನು ಹಾಸ್ಯಮಯವಾಗಿ ನಿರೂಪಿಸಿದ 'ಚೀಪರ್ ಬೈ ದ ಡಜನ್' ಪ್ರಕಟವಾಯಿತು. 1950ರಲ್ಲಿ ಅದು ಚಲನಚಿತ್ರವಾಯಿತು.

1965ರಲ್ಲಿ ಅಮೆರಿಕದ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿಗೆ ಆಯ್ಕೆಯಾದ ಮೊದಲ ಮಹಿಳೆಯೆಂಬ ಗೌರವ ಅವರದಾಯಿತು. 1966ರಲ್ಲಿ ಹೂವರ್ ಪದಕವನ್ನು ಪಡೆದ ಮೊದಲ ಮಹಿಳೆಯೂ ಅವರೇ. 1972ರ ಜನವರಿ 2ರಂದು ಅರಿಜೋನಾದ ಫೀನಿಕ್ಸ್‌ನಲ್ಲಿ ತಮ್ಮ 93ನೆಯ ವಯಸ್ಸಿನಲ್ಲಿ ನಿಧನರಾದರು. 1984ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವರ ಸ್ಮರಣಾರ್ಥ ಅಂಚೆಚೀಟಿಯನ್ನು ಹೊರತಂದಿತು. ತಂದೆಯನ್ನು ಕಳೆದುಕೊಂಡಿದ್ದ ಹನ್ನೊಂದು ಮಕ್ಕಳೆಲ್ಲರೂ ತಾಯಿಯ ದುಡಿಮೆಯ ಆಸರೆಯಲ್ಲಿ ಕಾಲೇಜು ಶಿಕ್ಷಣ ಪಡೆದರು.