ಸೊಳ್ಳೆಯ ಬೆನ್ನುಹತ್ತಿದ ರೊನಾಲ್ಡ್ ರಾಸ್

ಚಳಿಜ್ವರಕ್ಕೆ ಮದ್ದು ಸಿಕ್ಕಿದ ಮೇಲೆ ಆ ಜ್ವರದ ಕಥೆ ಮುಗಿದಂತೆಯೇ ಎಂದು ನಾನು ಬಹುಕಾಲ ನಂಬಿದ್ದೆನು. ರೊನಾಲ್ಡ್ ರಾಸರ ಜೀವನವನ್ನು ಓದಿದ ಮೇಲೆ ಆ ನಂಬಿಕೆ ಉಳಿಯಲಿಲ್ಲ.

ರಾಸರು ಹುಟ್ಟಿದ್ದು 1857ರ ಮೇ 13ರಂದು, ಆಲ್ಮೋರದಲ್ಲಿ. ಮೀರತ್ತಿನ ಸಿಪಾಯಿಗಳು ದಂಗೆಯೆದ್ದು ಆಗ ಮೂರೇ ದಿನವಾಗಿತ್ತು. ತಂದೆ ಸೇನಾಧಿಕಾರಿ. ಮಗನಿಗೆ ಕವಿತೆ, ಚಿತ್ರಗಳಲ್ಲಿ ಮನಸ್ಸು. ತಂದೆಗೆ ಅವನು ವೈದ್ಯನಾಗಬೇಕೆಂಬ ಹಟ. ತಂದೆಯೇ ಗೆದ್ದರು. 1881ರಲ್ಲಿ ಮಗನು ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದನು.

1883ರಲ್ಲಿ ಅವರನ್ನು ನಮ್ಮ ಬೆಂಗಳೂರಿನ ದಂಡಿಗೆ ವೈದ್ಯರನ್ನಾಗಿ ಕಳುಹಿಸಿದರು. ಬಂಗಲೆಯಲ್ಲಿ ವಿಪರೀತ ಸೊಳ್ಳೆ. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಅವುಗಳ ಮರಿಗಳು ತೇಲಾಡುವುದನ್ನು ಕಂಡು ರಾಸರು ಅದನ್ನು ಬರಿದುಮಾಡಿಸಿದರು, ಕಾಟ ತಗ್ಗಿತು. ಅಧಿಕಾರಿಗಳ ಭೋಜನಶಾಲೆಯಲ್ಲಿಯೂ ಹಾಗೆ ಮಾಡಿಸೋಣವೆಂದರೆ ಮೇಲಿನವರು ಒಪ್ಪಲಿಲ್ಲ. ಸೊಳ್ಳೆಗೂ ಮಲೇರಿಯಾಕ್ಕೂ ಸಂಬಂಧವುಂಟೆಂದು ಆಗ ರಾಸರಿಗೂ ತಿಳಿದಿರಲಿಲ್ಲ.

ರಕ್ತದಲ್ಲಿ ಮಲೇರಿಯಾದ ಪರೋಪಜೀವಿಯನ್ನು ಫ್ರೆಂಚ್ ವೈದ್ಯ ಲಾವೆರಾನರು 1880ರಲ್ಲಿಯೇ ಕಂಡಿದ್ದರು. 1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಅದನ್ನು ರಾಸರಿಗೆ ತೋರಿಸಿ, ಸೊಳ್ಳೆಯ ಮೇಲೆ ಸಂಶಯವಿದೆಯೆಂದು ತಿಳಿಸಿದರು. ಆದರೆ ಗುರುವಿನ ಊಹೆ ಅರ್ಧ ತಪ್ಪು: ಸೊಳ್ಳೆ ನೀರಿನಲ್ಲಿ ಸತ್ತು, ಆ ನೀರು ಕುಡಿದವರಿಗೆ ಜ್ವರ ಬರುತ್ತದೆಂದು ಅವರೆಣಿಸಿದ್ದರು. ರಾಸರು ಸಿಕಂದರಾಬಾದಿಗೆ ಬಂದು ಸೊಳ್ಳೆ ಬಿದ್ದ ನೀರನ್ನು ಜನರಿಗೆ ಕುಡಿಸಿಯೂ ನೋಡಿದರು. ಇಂದು ಓದುವಾಗ ಮೈ ಜುಮ್ಮೆನ್ನುತ್ತದೆ. ಎರಡು ವರ್ಷ ಬೂದು ಸೊಳ್ಳೆ, ಪಟ್ಟೆ ಸೊಳ್ಳೆಗಳನ್ನು ಸೀಳಿ ಸೀಳಿ ಏನೂ ಸಿಗಲಿಲ್ಲ. ನಡುವೆ ಕಾಲರಾ ಹತ್ತಿಕ್ಕಲು ಮತ್ತೊಮ್ಮೆ ಬೆಂಗಳೂರಿಗೆ ಬಂದುದಾಯಿತು. ನೀಲಗಿರಿಯ ಸೀಗೂರು ಘಟ್ಟದಲ್ಲಿ ತಮಗೇ ಮಲೇರಿಯಾ ಹತ್ತಿದ್ದೂ ಆಯಿತು.

1897ರ ಆಗಸ್ಟಿನ ಸೆಕೆ. ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಪಂಖಾ ಎಳೆಸಿದರೆ ಸೀಳಿದ ಸೊಳ್ಳೆ ಹಾರಿಹೋಗುವುದಾದ್ದರಿಂದ ಗಾಳಿಯೂ ಇಲ್ಲ. ಈ ಸಲ ಸಿಕ್ಕಿದ್ದು ರೆಕ್ಕೆಯ ಮೇಲೆ ಚುಕ್ಕೆಯಿರುವ ಕಂದು ಸೊಳ್ಳೆ, ಅಂದರೆ ಅನಾಫಿಲಿಸ್. ಹುಸೇನ್ ಖಾನನೆಂಬ ರೋಗಿ, ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಪಡೆದು, ಅವುಗಳಿಗೆ ಮೈಯೊಡ್ಡಿದನು. ಆಗಸ್ಟ್ 20ರಂದು ಅಂಥ ಒಂದು ಸೊಳ್ಳೆಯ ಜಠರದ ಗೋಡೆಯಲ್ಲಿ ಕರಿಯ ಕಣಗಳುಳ್ಳ ದುಂಡನೆಯ ಕೋಶಗಳು ಕಂಡವು. ಮರುದಿನದ ಸೊಳ್ಳೆಯಲ್ಲಿ ಅವು ಇನ್ನೂ ದೊಡ್ಡದಾಗಿದ್ದವು. ಬೆಳೆಯುತ್ತಿವೆ, ಆದುದರಿಂದ ಜೀವವುಳ್ಳವು.

ಇಂಥ ಹೊತ್ತಿನಲ್ಲಿ ಸರ್ಕಾರವು ಅವರನ್ನು ಮಲೇರಿಯಾ ಅಪರೂಪವಾಗಿದ್ದ ರಾಜಪುತಾನದ ಖೇರ್ವಾಡಕ್ಕೆ ವರ್ಗಮಾಡಿತು! ಮ್ಯಾನ್ಸನ್ನರ ಪ್ರಯತ್ನದಿಂದ 1898ರಲ್ಲಿ ಕಲ್ಕತ್ತೆಗೆ ಬಂದರು. ಪ್ಲೇಗಿನ ಚುಚ್ಚುಮದ್ದಿಗೆ ಹೆದರಿದ್ದ ಜನ ಬೆರಳು ಚುಚ್ಚಿಸಿಕೊಳ್ಳಲು ಬರಲಿಲ್ಲ, ಹಕ್ಕಿಗಳನ್ನೇ ಆಶ್ರಯಿಸಬೇಕಾಯಿತು. ಸಹಾಯಕ ಮಹಮ್ಮದ್ ಬಕ್ಷನೊಡನೆ ದುಡಿದು, ಜುಲೈಯಲ್ಲಿ ರೋಗಬೀಜವು ಸೊಳ್ಳೆಯ ಜೊಲ್ಲಿನ ಗ್ರಂಥಿಗೆ ಸೇರುವುದನ್ನು ಕಂಡರು. ಕಚ್ಚಿಸಿದಾಗ ಆರೋಗ್ಯವಂತ ಗುಬ್ಬಿಗಳಿಗೂ ರೋಗ ಹತ್ತಿತು. ಮನುಷ್ಯರಲ್ಲಿ ಇದನ್ನು ಪೂರ್ತಿಯಾಗಿ ತೋರಿಸಿದವರು ಇಟಲಿಯ ಗ್ರಾಸಿ ಮತ್ತು ಸಂಗಡಿಗರು. 1902ರ ನೊಬೆಲ್ ಪಾರಿತೋಷಕ ರಾಸರೊಬ್ಬರಿಗೇ ಸಂದಿತು. ಗ್ರಾಸಿಯೊಡನೆ ಅವರಾಡಿದ ಜಗಳ ಅವರ ಕೀರ್ತಿಗೆ ತಕ್ಕುದಲ್ಲವೆಂದೇ ನನ್ನ ಅಭಿಪ್ರಾಯ.

ಜನರು ಮರೆತಿರುವುದು ರಾಸರ ಗಣಿತವನ್ನು. ಮಾರಿಷಸ್ಸಿನ ಕುರಿತು ಬರೆದ 1908ರ ವರದಿಯಿಂದ ಮೊದಲುಗೊಂಡು ಅವರು ಲೆಕ್ಕ ಹಾಕಿ ತೋರಿಸಿದರು: ಎಲ್ಲ ಸೊಳ್ಳೆಗಳನ್ನೂ ಕೊಲ್ಲಬೇಕಾಗಿಲ್ಲ, ಅವುಗಳ ಸಂಖ್ಯೆ ಒಂದು ಮಿತಿಗಿಂತ ಇಳಿದರೆ ರೋಗ ತಾನಾಗಿ ಕರಗುತ್ತದೆ. ಮದ್ದಿನ ಕಥೆ ಇದಕ್ಕೆ ಬೇರೆ. ಒಬ್ಬ ರೋಗಿಯ ಮೈಯಲ್ಲಿ ಕೋಟಿಗಟ್ಟಲೆ ಪರೋಪಜೀವಿಗಳಿರುತ್ತವೆ. ಮದ್ದಿಗೆ ಬಗ್ಗದ ನಾಲ್ಕು ಉಳಿದರೆ, ಸೊಳ್ಳೆ ಆ ನಾಲ್ಕರ ಸಂತಾನವನ್ನೇ ಮುಂದಿನ ಮನೆಗೆ ಒಯ್ಯುತ್ತದೆ. ಕ್ವಿನೈನಿಗೆ ಬಗ್ಗದ ಮಲೇರಿಯಾದ ಸುದ್ದಿ ಬ್ರೆಜಿಲಿನಿಂದ 1910ರಲ್ಲಿಯೇ ಬಂದಿತು. ಕ್ಲೋರೋಕ್ವಿನ್ 1950ರ ದಶಕದ ಕೊನೆಯಲ್ಲಿ ಥಾಯ್ಲೆಂಡ್–ಕಾಂಬೋಡಿಯದ ಗಡಿಯಲ್ಲಿ ಸೋಲತೊಡಗಿತು. 1973ರಲ್ಲಿ ಅಸ್ಸಾಮಿನಲ್ಲಿ ಸೋತಿತು. ಡಿ.ಡಿ.ಟಿ.ಗೆ ಸೊಳ್ಳೆಗಳೂ ಒಗ್ಗಿದವು. 1960ರ ದಶಕದ ನಡುವೆ ಭಾರತದಲ್ಲಿ ಸುಮಾರು 1 ಲಕ್ಷಕ್ಕಿಳಿದಿದ್ದ ರೋಗಿಗಳ ಸಂಖ್ಯೆ 1976ರಲ್ಲಿ 64 ಲಕ್ಷಕ್ಕೇರಿತು. ಬಳಿಕ ಬಂದ ಆರ್ಟೆಮಿಸಿನಿನ್ ಮದ್ದಿನ ಬಲವೂ ಕುಗ್ಗುತ್ತಿದೆಯೆಂದು 2008ರಲ್ಲಿ ಕಾಂಬೋಡಿಯದಿಂದಲೇ ವರದಿಯಾಯಿತು. ಬೆಂಗಳೂರಿನ ತೊಟ್ಟಿಯನ್ನು ಬರಿದುಮಾಡಿಸಿದ ತರುಣ ವೈದ್ಯನು ಇದನ್ನೆಲ್ಲ ಓದುವಾಗ ನನಗೆ ಮತ್ತೆ ಮತ್ತೆ ನೆನಪಾದನು.

ರಾಸರ ಕೊನೆಗಾಲ ಕಹಿಯಾಗಿತ್ತು. ದೇಶ ತಮಗೆ ತಕ್ಕ ಪ್ರತಿಫಲ ಕೊಡಲಿಲ್ಲವೆಂದು ಕೊರಗುತ್ತ, 1928ರಲ್ಲಿ ತಮ್ಮ ಕಾಗದಪತ್ರಗಳನ್ನು ಮಾರಿದರು. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು. ಸರಿಕರೊಡನೆ ಇಷ್ಟೆಲ್ಲ ಜಗಳವಾಡಿದ ಈ ಮನುಷ್ಯನು ಹುಸೇನ್ ಖಾನನ ಹೆಸರನ್ನೂ ಅವನಿಗೆ ಕೊಟ್ಟ ಆಣೆಗಳ ಲೆಕ್ಕವನ್ನೂ ಮರೆಯದೆ ಬರೆದಿಟ್ಟಿದ್ದಾನೆ.