ಹದಿಮೂರು ದಿನಗಳ ಆಕಾಶವೀರ ಇಂದ್ರಲಾಲ್ ರಾಯ್

ರೈಟ್ ಸಹೋದರರ ವಿಮಾನ ಮೊದಲು ಹಾರಿದ್ದು 1903ರಲ್ಲಿ. ಅದಾಗಿ ಹದಿನೈದು ವರ್ಷ ತುಂಬುವುದರೊಳಗೆ ಯುರೋಪಿನ ಆಕಾಶದಲ್ಲಿ ವಿಮಾನಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗಿ ಗುಂಡು ಹಾರಿಸುವ ಕಾಲ ಬಂದುಬಿಟ್ಟಿತ್ತು. ಐದು ಅಥವಾ ಅದಕ್ಕಿಂತ ಹೆಚ್ಚು ಶತ್ರುವಿಮಾನಗಳನ್ನು ಸೋಲಿಸಿದ ಪೈಲಟ್‌ಗೆ 'ಏಸ್' ಅಂತ ಕರೆಯುತ್ತಿದ್ದರು. ಇಸ್ಪೀಟಿನಲ್ಲಿ ಎಕ್ಕ ಇದ್ದ ಹಾಗೆ, ಎಲ್ಲಕ್ಕಿಂತ ಮೇಲು ಅಂತ ಅರ್ಥ. ಮೊದಲನೇ ಮಹಾಯುದ್ಧದಲ್ಲಿ ಈ ಹೆಸರು ಗಳಿಸಿದ ಏಕೈಕ ಭಾರತೀಯರೇ ಇಂದ್ರಲಾಲ್ ರಾಯ್. ಅವರು ಬದುಕಿದ್ದು ಇಪ್ಪತ್ತು ವರ್ಷವೂ ಇಲ್ಲ.

ಇಂದ್ರಲಾಲರು 1898ರ ಡಿಸೆಂಬರ್ 2ರಂದು ಕಲ್ಕತ್ತೆಯಲ್ಲಿ ಜನಿಸಿದರು. ತಂದೆ ಪ್ಯಾರಿಲಾಲ್ ರಾಯ್ ಹೆಸರಾಂತ ಬ್ಯಾರಿಸ್ಟರು. ತಾಯಿ ಲಲಿತಾ ರಾಯ್ ಅವರೂ ಸಾಮಾನ್ಯರಲ್ಲ. 1911ರಲ್ಲಿ ಹೆಂಗಸರಿಗೂ ಮತದಾನದ ಹಕ್ಕು ಬೇಕೆಂದು ಲಂಡನ್ನಿನಲ್ಲಿ ದೊಡ್ಡ ಮೆರವಣಿಗೆ ನಡೆದಾಗ ಸೀರೆಯುಟ್ಟು ಹೆಜ್ಜೆ ಹಾಕಿದ ಭಾರತೀಯ ಮಹಿಳೆಯರಲ್ಲಿ ಅವರೂ ಒಬ್ಬರು. ಅಣ್ಣ ಪರೇಶ್‌ಲಾಲ್ ಮುಂದೆ ಭಾರತದ ಬಾಕ್ಸಿಂಗ್ ಕ್ರೀಡೆಯ ಪಿತಾಮಹ ಎನಿಸಿಕೊಂಡರು. ಮನೆಯಲ್ಲಿ ಎಲ್ಲರೂ ಇಂದ್ರಲಾಲರನ್ನು ಮುದ್ದಿನಿಂದ 'ಲ್ಯಾಡಿ' ಅಂತ ಕರೆಯುತ್ತಿದ್ದರು. ಅವರ ಓದು ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ನಡೆಯಿತು.

1914ರಲ್ಲಿ ಯುದ್ಧ ಆರಂಭವಾಯಿತು. ಅಣ್ಣ ಸೈನ್ಯಕ್ಕೆ ಸೇರಿದರು. ತಮ್ಮನಿಗೆ ಮಾತ್ರ ಆಕಾಶದ ಹುಚ್ಚು. ಆದರೆ ರಾಯಲ್ ಫ್ಲೈಯಿಂಗ್ ಕೋರ್‌ಗೆ ಅರ್ಜಿ ಹಾಕಿದಾಗ ಕಣ್ಣಿನ ದೃಷ್ಟಿ ಸಾಲದು ಎಂದು ತಿರಸ್ಕರಿಸಿಬಿಟ್ಟರು. ಬೇರೆಯವರಾಗಿದ್ದರೆ ಅಲ್ಲಿಗೆ ಕೈಚೆಲ್ಲುತ್ತಿದ್ದರೇನೋ. ಇವರು ತಮ್ಮ ಮೋಟಾರ್ ಸೈಕಲ್ ಮಾರಿ, ಆ ಹಣದಲ್ಲಿ ದೊಡ್ಡ ಕಣ್ಣಿನ ವೈದ್ಯರೊಬ್ಬರ ಬಳಿ ಮತ್ತೆ ಪರೀಕ್ಷೆ ಮಾಡಿಸಿಕೊಂಡರೆಂದು ಹೇಳುತ್ತಾರೆ. ಕೊನೆಗೂ 1917ರಲ್ಲಿ ಸೇರ್ಪಡೆಯಾಗಿ, ಜುಲೈ ತಿಂಗಳಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದರು.

ಇದು ಸಣ್ಣ ವಿಷಯವಲ್ಲ. ಲಕ್ಷಾಂತರ ಭಾರತೀಯ ಸಿಪಾಯಿಗಳು ಆ ಯುದ್ಧದಲ್ಲಿ ಪ್ರಾಣ ಪಣಕ್ಕಿಟ್ಟು ಹೋರಾಡುತ್ತಿದ್ದರೂ, ಬಿಳಿಯರಿಗೆ ಸರಿಸಮನಾದ ಅಧಿಕಾರಿಯ ಹುದ್ದೆ ನಮ್ಮವರಿಗೆ ಸಿಗುವುದು ದುರ್ಲಭವಾಗಿತ್ತು. ವಿಮಾನದಳದಲ್ಲಂತೂ ಹರ್ದಿತ್ ಸಿಂಗ್ ಮಲಿಕ್, ಶ್ರೀಕೃಷ್ಣ ವೆಲಿಂಕರ್, ಎರೋಲ್ ಚಂದರ್ ಸೇನ್, ಇಂದ್ರಲಾಲ್ ರಾಯ್ ಎಂಬ ಬೆರಳೆಣಿಕೆಯ ಭಾರತೀಯರಷ್ಟೇ ಪೈಲಟ್‌ಗಳಾಗಿ ಯುದ್ಧರಂಗಕ್ಕೆ ಹೋದರು.

1917ರ ಅಕ್ಟೋಬರ್ ಕೊನೆಗೆ ಇಂದ್ರಲಾಲರು ಫ್ರಾನ್ಸಿನ ರಣರಂಗದಲ್ಲಿದ್ದ 56ನೇ ಸ್ಕ್ವಾಡ್ರನ್ ಸೇರಿದರು. ಅವರಿಗೆ ಸಿಕ್ಕಿದ್ದು ಎಸ್.ಇ.5ಎ ಎಂಬ ಒಬ್ಬರೇ ಕೂರುವ ವಿಮಾನ. ಮರದ ಚೌಕಟ್ಟು, ಮೇಲೆ ಬಟ್ಟೆಯ ಹೊದಿಕೆ, ಎರಡು ಮೆಷಿನ್ ಗನ್ನು. ಪೈಲಟ್ ಕೂರುವ ಜಾಗಕ್ಕೆ ಮೇಲ್ಛಾವಣಿ ಇಲ್ಲ. ಸಾವಿರಾರು ಅಡಿ ಎತ್ತರದ ಕೊರೆಯುವ ಚಳಿಗೆ ಮುಖ ಒಡ್ಡಿಯೇ ಹಾರಬೇಕು. ಬ್ರಿಟಿಷ್ ಪೈಲಟ್‌ಗಳಿಗೆ ಪ್ಯಾರಾಚೂಟ್ ಕೂಡ ಕೊಡುತ್ತಿರಲಿಲ್ಲ. ವಿಮಾನಕ್ಕೆ ಬೆಂಕಿ ಹತ್ತಿದರೆ ದೇವರೇ ಗತಿ.

ಡಿಸೆಂಬರ್ 6ರಂದು ಅವರ ವಿಮಾನ ಅಪಘಾತಕ್ಕೀಡಾಯಿತು. ಸತ್ತರೆಂದೇ ತಿಳಿದು ಶವಗಳ ಸಾಲಿನಲ್ಲಿ ಮಲಗಿಸಿದ್ದರಂತೆ, ಎಚ್ಚರವಾದ ಹುಡುಗ ಬಾಗಿಲು ಬಡಿದು ಕೂಗಿದನಂತೆ ಎಂಬ ಕಥೆ ಇಂದಿಗೂ ಪ್ರಚಲಿತದಲ್ಲಿದೆ. ಗಾಯವಂತೂ ಕಠಿಣವಾಗಿತ್ತು. ಆರು ತಿಂಗಳು ರಣರಂಗದಿಂದ ದೂರ ಉಳಿಯಬೇಕಾಯಿತು. ಚೇತರಿಸಿಕೊಳ್ಳುವ ದಿನಗಳಲ್ಲಿ ಅವರು ವಿಮಾನಗಳ ಚಿತ್ರ ಬರೆಯುತ್ತಾ ಕಾಲ ಕಳೆದರು. ಹಾರಾಟಕ್ಕೆ ಅರ್ಹರಲ್ಲ ಎಂದು ವೈದ್ಯರು ಹೇಳಿದರೂ ಬಿಡದೆ ಒತ್ತಾಯ ಮಾಡಿ, 1918ರ ಜೂನ್‌ನಲ್ಲಿ 40ನೇ ಸ್ಕ್ವಾಡ್ರನ್‌ಗೆ ಬಂದರು. ಅಲ್ಲಿ ಐರ್ಲೆಂಡಿನ ಕ್ಯಾಪ್ಟನ್ ಜಾರ್ಜ್ ಮೆಕೆಲ್‌ರಾಯ್ ಅವರ ಕೈಕೆಳಗೆ ಪಳಗಿದರು.

ಆಮೇಲೆ ನಡೆದದ್ದೇ ಇತಿಹಾಸ. ಜುಲೈ 6ರಂದು ಮೊದಲ ಗೆಲುವು. ಜುಲೈ 8ರಂದು ನಾಲ್ಕು ಗಂಟೆಗಳ ಅವಧಿಯಲ್ಲಿ ಮೂರು. 13ರಂದು ಎರಡು, 15ರಂದು ಎರಡು, 18ರಂದು ಒಂದು, 19ರಂದು ಮತ್ತೊಂದು. ಹದಿಮೂರು ದಿನ ಮುಗಿಯುವುದರೊಳಗೆ ಒಟ್ಟು ಹತ್ತು. ಅವುಗಳಲ್ಲಿ ಎರಡು ಜೊತೆಗಾರರೊಂದಿಗೆ ಹಂಚಿಕೊಂಡವು. ಆಗಿನ ಜರ್ಮನಿಯ ಅತ್ಯುತ್ತಮ ಯುದ್ಧವಿಮಾನವಾಗಿದ್ದ ಫಾಕರ್ ಡಿ-7 ಕೂಡ ಅವರ ಗುಂಡಿಗೆ ಸೋತಿತ್ತು.

ಕೊನೆಯ ಗೆಲುವು ಕಂಡು ಮೂರೇ ದಿನ. ಜುಲೈ 22ರಂದು ಕಾರ್ವಾಂ ಪಟ್ಟಣದ ಮೇಲೆ ಫಾಕರ್ ವಿಮಾನಗಳೊಂದಿಗೆ ನಡೆದ ಕಾಳಗದಲ್ಲಿ ಇಂದ್ರಲಾಲರ ವಿಮಾನ ಉರುಳಿತು. ಅವರು ವೀರಮರಣವನ್ನಪ್ಪಿದರು. ಆಗ ವಯಸ್ಸು ಹತ್ತೊಂಬತ್ತು ವರ್ಷ ಏಳು ತಿಂಗಳು. ಇನ್ನು ಒಂಬತ್ತೇ ದಿನಕ್ಕೆ ಅವರನ್ನು ಪಳಗಿಸಿದ ಮೆಕೆಲ್‌ರಾಯ್ ಅವರೂ ಮಡಿದರು. ಯುದ್ಧ ಮುಗಿಯಲು ನಾಲ್ಕು ತಿಂಗಳೂ ಉಳಿದಿರಲಿಲ್ಲ. 1918ರ ಸೆಪ್ಟೆಂಬರ್‌ನಲ್ಲಿ ಇಂದ್ರಲಾಲರಿಗೆ ಮರಣೋತ್ತರವಾಗಿ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಘೋಷಣೆಯಾಯಿತು. ಆ ಪದಕ ಪಡೆದ ಮೊದಲ ಭಾರತೀಯರು ಅವರೇ.

ನಮ್ಮನ್ನು ಆಳುತ್ತಿದ್ದ ಪರಕೀಯರ ಪರವಾಗಿ ಹೋರಾಡಿದವರನ್ನು ನಾವೇಕೆ ನೆನೆಯಬೇಕು ಅಂತ ಕೆಲವರು ಕೇಳಬಹುದು. ಕೇಳುವುದರಲ್ಲಿ ತಪ್ಪಿಲ್ಲ. ಆ ಯುದ್ಧ ಸಾಮ್ರಾಜ್ಯಗಳ ಯುದ್ಧ, ನಮ್ಮದಲ್ಲ ಅನ್ನೋದು ನಿಜವೇ. ಆದರೆ ಭಾರತೀಯರು ಸೈನ್ಯದಲ್ಲಿ ಆಜ್ಞೆ ಪಾಲಿಸಲು ಮಾತ್ರ ಲಾಯಕ್ಕು, ಮುನ್ನಡೆಸಲು ಅಲ್ಲ ಎಂಬ ಆಳುವವರ ನಂಬಿಕೆಯನ್ನು ಈ ಹುಡುಗರು ಸುಳ್ಳು ಮಾಡಿ ತೋರಿಸಿದರು. ಭಾರತೀಯ ವಾಯುಪಡೆ ಸ್ಥಾಪನೆಯಾದದ್ದು 1932ರಲ್ಲಿ. 1954ರಲ್ಲಿ ಅದರ ಮುಖ್ಯಸ್ಥರಾದ ಮೊದಲ ಭಾರತೀಯ ಸುಬ್ರತೊ ಮುಖರ್ಜಿ ಇಂದ್ರಲಾಲರ ಬಂಧುವರ್ಗದವರೇ. ದಾರಿಯಿಲ್ಲದ ಕಡೆ ಮೊದಲು ನಡೆದವರ ಹೆಜ್ಜೆಗುರುತಿನಲ್ಲೇ ತಾನೇ ಮುಂದೆ ಹೆದ್ದಾರಿ ಆಗೋದು!

ಹೆತ್ತ ತಾಯಿಗೆ ಪದಕ ಬಂತು, ಮಗ ಬರಲಿಲ್ಲ. ಈ ನೋವನ್ನು ಮರೆತು ಬರೀ ಶೌರ್ಯವನ್ನು ಹೊಗಳುವುದು ಸರಿಯಲ್ಲ. ಇಂದ್ರಲಾಲರ ಸಮಾಧಿ ಫ್ರಾನ್ಸಿನ ಎಸ್ತೆವೆಲ್ ಎಂಬ ಪುಟ್ಟ ಹಳ್ಳಿಯ ಸ್ಮಶಾನದಲ್ಲಿದೆ. ಕಲ್ಲಿನ ಮೇಲೆ ಬಂಗಾಳಿ ಅಕ್ಷರಗಳಿವೆ. ಕಲ್ಕತ್ತೆಯ ಒಂದು ರಸ್ತೆಗೆ ಅವರ ಹೆಸರಿಟ್ಟಿದ್ದಾರೆ. ಜನ್ಮಶತಾಬ್ದಿಯ ವರ್ಷವಾದ 1998ರಲ್ಲಿ ನಮ್ಮ ಅಂಚೆ ಇಲಾಖೆ ಅಂಚೆಚೀಟಿ ಹೊರತಂದು ಗೌರವಿಸಿತು.

ಅವರ ಹೆಸರು ಉಳಿದದ್ದು ಆ ಹದಿಮೂರು ದಿನಗಳಿಂದ. ಆದರೆ ಕಣ್ಣು ಸರಿಯಿಲ್ಲ ಅಂದಾಗ ಒಮ್ಮೆ, ಮೈ ಸರಿಯಿಲ್ಲ ಅಂದಾಗ ಇನ್ನೊಮ್ಮೆ, ಮುಚ್ಚಿದ ಬಾಗಿಲನ್ನು ಮತ್ತೆ ತಟ್ಟದೇ ಹೋಗಿದ್ದರೆ ಆ ಹದಿಮೂರು ದಿನಗಳು ಬರುತ್ತಲೇ ಇರಲಿಲ್ಲ. ಒಂದು ಸಲ ಆಗೋದಿಲ್ಲ ಅಂದದ್ದಕ್ಕೆ ಮನೆಗೆ ಬಂದು ಕೂರುವ ನಮ್ಮ ಯುವಕರು ಇವರನ್ನು ಒಮ್ಮೆ ನೆನೆಯಲಿ.